ಬೆಲ್ಲ ಹಾಕಿದ ಫ್ಲಾಸ್ಕಿನಿಂದ ಶುರು ಮಾಡಿ

ಬದಿಯಡ್ಕದ ಗೆಳತಿಗೆ,

ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ಕೃಷಿ ತ್ಯಾಜ್ಯದಿಂದ ಸೆಲ್ಯುಲೇಸ್ ಕಿಣ್ವ’ (ಸಸ್ಯದ ನಾರನ್ನು ಸಕ್ಕರೆಯಾಗಿ ಒಡೆಯುವ ಎನ್‌ಜೈಮ್) ಲೇಖನ ತಲುಪಿತು. ಎರಡು ಸಲ ಓದಿದೆ. ಈಗ ಇರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಹಾಗಂತ ಬಿಟ್ಟುಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ‘ಭಾರತವು ಕೃಷಿ ಪ್ರಧಾನ ದೇಶ’ ಅಂತ ಶುರು ಮಾಡಿದ್ದೀರಿ, ಅಡಿಕೆ ಸಿಪ್ಪೆ ಬರುವುದು ಮೂರನೇ ಪುಟಕ್ಕೆ. ನಮ್ಮ ಓದುಗರ ಅಂಗಳದ ಮೂಲೆಯಲ್ಲೇ ಆ ಸಿಪ್ಪೆಯ ರಾಶಿ ಇದೆ. ಆಟಿಯ ಮಳೆಗೆ ಅದರ ಮೇಲೆ ಬೂಷ್ಟು ಹಿಡಿಯುವುದನ್ನು ಅವರು ವರ್ಷವೂ ನೋಡುತ್ತಾರೆ.

ನಿಮ್ಮ ನಿಜವಾದ ಲೇಖನ ಐದನೇ ಪುಟದ ಒಂದು ಸಾಲಿನಲ್ಲಿದೆ: ‘ಬೆಲ್ಲ ಸೇರಿಸಿದ ಫ್ಲಾಸ್ಕಿನಲ್ಲಿ ಶಿಲೀಂಧ್ರ ಸೊಂಪಾಗಿ ಬೆಳೆಯಿತು, ಆದರೆ ಕಿಣ್ವ ಕಡಿಮೆ ಬಂತು.’ ಇದನ್ನು ಓದಿ ನಾನು ನೆಟ್ಟಗೆ ಕೂತೆ. ನೀವು ಮಾತ್ರ ಸುಮ್ನೆ ಮುಂದೆ ಹೋಗಿದ್ದೀರಿ. ಯಾಕೆ ಹಾಗಾಯಿತು ಅಂತ ಹೇಳಬೇಕಲ್ವಾ?

ಶಿಲೀಂಧ್ರ ಸೆಲ್ಯುಲೋಸನ್ನು ‘ತಿನ್ನುತ್ತದೆ’ ಅಂದಿದ್ದೀರಿ. ಅದಕ್ಕೆ ಬಾಯಿಯೂ ಇಲ್ಲ, ಹೊಟ್ಟೆಯೂ ಇಲ್ಲ. ಕಿಣ್ವವನ್ನು ಹೊರಗೆ ಬಿಟ್ಟು, ಸಿಪ್ಪೆಯನ್ನು ಅಲ್ಲೇ ಕರಗಿಸಿ, ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ಸೆಲ್ಯುಲೋಸ್ ಅಂದರೆ ಸಸ್ಯದ ನಾರಿನಲ್ಲಿರುವ, ಗ್ಲೂಕೋಸ್ ಸಕ್ಕರೆಯ ಉದ್ದ ಸರಪಳಿ. ಒಂದು ಕಿಣ್ವ ಅದನ್ನು ನಡುನಡುವೆ ತುಂಡು ಮಾಡುತ್ತದೆ. ಇನ್ನೊಂದು ಕಿಣ್ವ ತುದಿಯಿಂದ ಎರಡೆರಡೇ ಕೊಂಡಿ ಬಿಡಿಸುತ್ತದೆ. ಮೂರನೆಯದು ಆ ಜೋಡಿಯನ್ನು ಒಡೆಯುತ್ತದೆ. ಕೈಗೆಟಕುವ ಸಕ್ಕರೆ ಇದ್ದಾಗ ಈ ಕಷ್ಟ ಯಾಕೆ? ಕಿಣ್ವ ತಯಾರಿಸುವ ಜೀನುಗಳನ್ನು ಶಿಲೀಂಧ್ರ ಅದುಮಿಡುತ್ತದೆ. ಹಾಗಾಗಿ ನಾವು ಸಿಪ್ಪೆ, ಬೈಹುಲ್ಲು ಬಳಸುವುದು ಅಗ್ಗ ಅಂತ ಮಾತ್ರ ಅಲ್ಲ. ಕಿಣ್ವ ಬೇಕು ಅನ್ನುವ ಸುಳಿವು ಶಿಲೀಂಧ್ರಕ್ಕೆ ಸಿಗುವುದೇ ಅದರಲ್ಲಿರುವ ಸೆಲ್ಯುಲೋಸಿನಿಂದ.

ಇಲ್ಲಿ ಒಂದು ಅನುಮಾನ. ‘ಎಫ್‌ಪಿಎ ಮಾಡಲಾಯಿತು’ ಅಂತ ಎರಡೇ ಪದದಲ್ಲಿ ಮುಗಿಸಿದ್ದೀರಿ. ಅದು ಫಿಲ್ಟರ್ ಪೇಪರಿನ ಸೆಲ್ಯುಲೋಸನ್ನು ಒಡೆಸಿ ಕಿಣ್ವದ ಶಕ್ತಿ ಅಳೆಯುವ ಪರೀಕ್ಷೆ. ಕಿಣ್ವದ ರಸದಲ್ಲಿ 50 ಮಿಲಿಗ್ರಾಂ ಫಿಲ್ಟರ್ ಪೇಪರ್ ಪಟ್ಟಿ, 50 ಡಿಗ್ರಿಯಲ್ಲಿ ಒಂದು ಗಂಟೆ, ಆಮೇಲೆ ಸಕ್ಕರೆ ಪತ್ತೆ ಮಾಡುವ ಡಿಎನ್‌ಎಸ್ ರಾಸಾಯನಿಕ ಹಾಕಿ ಕುದಿಸಿದರೆ ಹಳದಿ ದ್ರಾವಣ ಕೆಂಪುಕಂದಾಗುತ್ತದೆ. ಓದುಗರಿಗೆ ಆ ಬಣ್ಣ ತೋರಿಸಿ. ಆದರೆ ಫ್ಲಾಸ್ಕಿನಲ್ಲಿ ಉಳಿದ ಬೆಲ್ಲದ ಸಕ್ಕರೆಯೂ ಅದೇ ಬಣ್ಣ ತರುತ್ತದೆ. ಪೇಪರ್ ಹಾಕದೆ ಬರೀ ಕಿಣ್ವದ ರಸವನ್ನೂ ಪರೀಕ್ಷಿಸಿ, ಆ ಲೆಕ್ಕ ಕಳೆದಿದ್ದೀರಾ? ಕಳೆದಿದ್ದರೆ ಅದನ್ನೂ ಬರೆಯಿರಿ. ಇಲ್ಲದಿದ್ದರೆ ಇನ್ನೊಮ್ಮೆ ಮಾಡಿ ಕಳಿಸಿ. ನಾನು ಕಾಯುತ್ತೇನೆ.

‘ಘನಸ್ಥಿತಿ ಹುದುಗುವಿಕೆ’ ಅನ್ನುವ ಪದ ಬೇಡ. ನೀರಿನಲ್ಲಿ ಮುಳುಗಿಸದೆ ಒದ್ದೆ ಸಿಪ್ಪೆಯ ಮೇಲೇ ಬೆಳೆಸಿದಿರಿ, ಅಷ್ಟೇ ತಾನೇ? ಹಿಂಡಿದರೆ ಕೈಗೆ ತೇವ ತಾಗಬೇಕು, ನೀರು ತೊಟ್ಟಿಕ್ಕಬಾರದು. ಹೀಗೆ ಬರೆದರೆ ಅಣಬೆ ಬೆಳೆಸುವವರಿಗೆ ತಕ್ಷಣ ಗೊತ್ತಾಗುತ್ತದೆ.

ಟ್ರೈಕೋಡರ್ಮಾ ರೀಸಿಯ ಹೆಸರು ಹೇಳಿ ಬಿಟ್ಟಿದ್ದೀರಿ. ಎರಡನೇ ಮಹಾಯುದ್ಧದ ಹೊತ್ತಿಗೆ ಸೊಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಹತ್ತಿ ಬಟ್ಟೆ, ಡೇರೆಗಳನ್ನು ಹಾಳು ಮಾಡಿದ ಶಿಲೀಂಧ್ರ ಅದು. ಹತ್ತಿ ಅಂದರೆ ಹೆಚ್ಚುಕಮ್ಮಿ ಶುದ್ಧ ಸೆಲ್ಯುಲೋಸ್. ಮಳೆಗಾಲದಲ್ಲಿ ಒಣಗದ ಬಟ್ಟೆಯ ಮೇಲೆ ಕಪ್ಪು ಚುಕ್ಕೆ ಕಂಡ ನಮ್ಮವರಿಗೆ ಈ ಕಥೆ ದೂರದ್ದಲ್ಲ. ಎರಡು ಸಾಲು ಸಾಕು.

ಕೊನೆಯ ಪ್ಯಾರಾ ಪೂರ್ತಿ ಹೊಡೆದು ಹಾಕಿ. ‘ಪ್ರತಿ ರೈತನೂ ಮನೆಯಲ್ಲೇ ಕಿಣ್ವ ತಯಾರಿಸಿ ಹಣ ಗಳಿಸಬಹುದು’ ಅನ್ನುವುದು ಸರಿಯಲ್ಲ. ನೀವು ಸಿಪ್ಪೆಯನ್ನು 121 ಡಿಗ್ರಿಯ ಹಬೆಯಲ್ಲಿಟ್ಟು, ಶುದ್ಧ ತಳಿ ಹಾಕಿದ್ದೀರಿ. ಕೊಟ್ಟಿಗೆಯಲ್ಲಿ ಅದು ಆಗುವ ಮಾತಲ್ಲ. ಅಲ್ಲಿ ಯಾವ ಬೂಷ್ಟು ಬರುತ್ತದೋ ಹೇಳಲಾಗದು, ಕೆಲವು ವಿಷ ಉಂಟುಮಾಡುತ್ತವೆ. ಬೀಜಕಣದ ಧೂಳು ಉಬ್ಬಸ ಇರುವವರಿಗೆ ತೊಂದರೆ ಕೊಡುತ್ತದೆ. ಅಡಿಕೆ ಬೆಲೆ ಬಿದ್ದಾಗಲೆಲ್ಲ ಜನ ಹೊಸ ದಾರಿ ಹುಡುಕುತ್ತಾರೆ. ಅಚ್ಚಾದ ಮಾತನ್ನು ನಂಬಿ ಯಾರೋ ದುಡ್ಡು ಹಾಕಿಬಿಟ್ಟರೆ ನಾವಿಬ್ಬರೂ ಉತ್ತರ ಕೊಡಬೇಕು.

ನಾಲ್ಕು ಪುಟದೊಳಗೆ ತಿದ್ದಿ ಕಳಿಸಿ. ಬೆಲ್ಲ ಹಾಕಿದ್ದು, ಹಾಕದ್ದು, ಎರಡೂ ಫ್ಲಾಸ್ಕ್ ಪಕ್ಕಪಕ್ಕ ಇಟ್ಟು ತೆಗೆದ ಫೋಟೋ ಇದ್ದರೆ ಜೊತೆಗೆ ಇರಲಿ.