ಸಕಲೇಶಪುರದ ಹತ್ತಿರ ನಾಲ್ಕು ರೂಮಿನ ಹೋಂಸ್ಟೇ ಶುರು ಮಾಡುತ್ತಿದ್ದೇನೆ. 1 ಲಕ್ಷ 20 ಸಾವಿರ ಕೊಟ್ಟು ವೆಬ್‌ಸೈಟ್ ಮಾಡಿಸಲೇ, ಬುಕಿಂಗ್ ಆ್ಯಪ್‌ಗಳೇ ಸಾಕೇ?

ಅಪ್ಪನ ಕಾಫಿ ತೋಟ, ಬೆಂಗಳೂರಿನ ಕೆಲಸ ಬಿಟ್ಟು ಬಂದ ಹುಡುಗ, ಗೊತ್ತಿರುವವರ ಕಡೆಯ ಡಿಸೈನರ್. ನಿಮ್ಮ ಪ್ರಶ್ನೆಯ ಕೆಳಗಿನ ವಿವರ ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆ ಚುರ್ ಎಂದಿತು. 'ಟೆಕ್ನಿಕಲ್ ವಿಷಯ ಎಲ್ಲ ಅವರೇ ನೋಡಿಕೊಳ್ಳುತ್ತಾರೆ' ಎಂದು ಬರೆದಿದ್ದೀರಲ್ಲ, ಆ ಒಂದು ಸಾಲಿಗಾಗಿ ನಾನು ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮದು ಮೂಡಿಗೆರೆ ತಾಲ್ಲೂಕು, ಕೊಟ್ಟಿಗೆಹಾರದ ಕಡೆ. 2017ರ ಅಕ್ಟೋಬರಿನಲ್ಲಿ ಮೂರು ರೂಮಿನಿಂದ ಶುರು ಮಾಡಿದೆವು. ಯಜಮಾನರಿಗೆ ತೋಟ, ನನಗೆ ಅಡಿಗೆ ಮತ್ತು ಬಂದವರ ಉಪಚಾರ ಎಂದು ಪಾಲು. ಮೈದುನನ ಗೆಳೆಯನ ಕಡೆಯಿಂದ ಒಬ್ಬ ಹುಡುಗ ಸಿಕ್ಕ. ವೆಬ್‌ಸೈಟು, ಗೂಗಲ್ ಮ್ಯಾಪಿನಲ್ಲಿ ಹೆಸರು, ಫೇಸ್‌ಬುಕ್ ಪೇಜು ಎಲ್ಲ ಸೇರಿ 65 ಸಾವಿರ. ಒಳ್ಳೆಯ ಹುಡುಗನೇ, ಮೋಸ ಮಾಡಿದ ಅಂತ ಇವತ್ತಿಗೂ ಹೇಳುವುದಿಲ್ಲ. ಎರಡು ದಿನ ನಮ್ಮಲ್ಲೇ ಉಳಿದು ಫೋಟೊ ತೆಗೆದ, ಲೆಕ್ಕ ಇಲ್ಲದೆ ಅಕ್ಕಿ ರೊಟ್ಟಿ ತಿಂದ. ಹೊರಡುವ ದಿನ ಬೆಳಿಗ್ಗೆ ಅಡುಗೆಮನೆ ಬಾಗಿಲಿಗೆ ಬಂದು ಕೇಳಿದ: 'ಅಕ್ಕಾ, ರಿಜಿಸ್ಟರ್ ಮಾಡೋಕೆ ನಿಮ್ಮದೊಂದು ಇಮೇಲ್ ಬೇಕಿತ್ತು.'

ನಾನು ಒಲೆ ಮುಂದೆ ಇದ್ದೆ. 'ಅಯ್ಯೋ, ನಂಗೆ ಅದೆಲ್ಲ ಗೊತ್ತಾಗಲ್ಲಪ್ಪ, ನಿಂದೇ ಹಾಕ್ಕೋ' ಅಂದೆ.

ನನ್ನ ತಪ್ಪು ಇಷ್ಟೇ. ಹೇಳಿದರೆ ಎಲ್ಲರೂ 'ಅಷ್ಟೇನಾ?' ಎನ್ನುತ್ತಾರೆ. ಅದಕ್ಕೇ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನೀವು ತೋಟದವರು, ಪಹಣಿ ನೋಡಿರುತ್ತೀರಿ. 9ನೇ ಕಾಲಂನಲ್ಲಿ ಯಾರ ಹೆಸರಿದೆಯೋ ಜಮೀನು ಅವರದ್ದು. ಸಾಗುವಳಿಯ ವಿವರ ಬರುವುದು 12ನೇ ಕಾಲಂನಲ್ಲಿ. ಡೊಮೇನ್, ಅಂದರೆ ವೆಬ್‌ಸೈಟಿನ ಹೆಸರು ಇದೆಯಲ್ಲ, ಅದಕ್ಕೂ ಅಂಥದ್ದೇ ಒಂದು ಪಹಣಿ ಇದೆ. ಯಾರ ಖಾತೆಯಲ್ಲಿ, ಯಾರ ಇಮೇಲ್ ಕೊಟ್ಟು ನೋಂದಾಯಿಸಿದ್ದಾರೋ ಹೆಸರು ಅವರದ್ದು. ದುಡ್ಡು ಕೊಟ್ಟವಳು ನಾನು, ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿದವಳು ನಾನು, ಆದರೂ ನಾನು ಬರೀ ಸಾಗುವಳಿದಾರಳು. ಅದೂ ಶಾಶ್ವತ ಕ್ರಯ ಅಲ್ಲ. ವರ್ಷ ವರ್ಷ ನವೀಕರಿಸಬೇಕಾದ ಗುತ್ತಿಗೆ. ನವೀಕರಿಸಿ ಎಂದು ನೆನಪಿಸುವ ಪತ್ರ ಹೋಗುವುದು ಆ ಇಮೇಲಿಗೆ ಮಾತ್ರ.

ಗೂಗಲ್ ಮ್ಯಾಪಿನ ಖಾತೆಯದ್ದೂ ಅದೇ ಕಥೆ. ಆಗ ಅದಕ್ಕೆ ಗೂಗಲ್ ಮೈ ಬಿಸಿನೆಸ್ ಎನ್ನುತ್ತಿದ್ದರು, 2021ರ ಕೊನೆಗೆ ಬಿಸಿನೆಸ್ ಪ್ರೊಫೈಲ್ ಎಂದು ಹೆಸರು ಬದಲಾಯಿಸಿದರು. ವಿಳಾಸ ನಿಜವೇ ಎಂದು ಖಚಿತ ಮಾಡಿಕೊಳ್ಳಲು ಅಂಚೆಯಲ್ಲಿ ಒಂದು ಕಾರ್ಡು ಕಳಿಸುತ್ತಿದ್ದರು, ಒಳಗೆ ಒಂದು ಕೋಡ್. ಆ ಕಾರ್ಡು ನನ್ನ ಹೆಸರಿಗೇ ಬಂತು. ಪೋಸ್ಟ್‌ಮ್ಯಾನ್ ಮಳೆಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಜೋಪಾನವಾಗಿ ತಂದುಕೊಟ್ಟರು. ನಾನೇನು ಮಾಡಿದೆ? ಫೋಟೊ ತೆಗೆದು ಆ ಹುಡುಗನಿಗೆ ವಾಟ್ಸ್‌ಆ್ಯಪ್ ಮಾಡಿದೆ. ಮನೆಯ ಬೀಗದ ಕೈಯನ್ನು ಕೈಯಾರೆ ಕೊಟ್ಟು 'ಥ್ಯಾಂಕ್ಸ್ ಕಣಪ್ಪಾ' ಅಂದೆ.

ಮ್ಯಾಪಿನ ಗುರುತು ಎಲ್ಲಿ ಬಿದ್ದಿತ್ತು ಕೇಳಿ. ಮಲೆನಾಡಿನ ತೋಟದ ವಿಳಾಸ ಹೇಗಿರುತ್ತದೆ ಗೊತ್ತಲ್ಲ: ಎಸ್ಟೇಟ್ ಹೆಸರು, ಇಂಥ ಅಂಚೆ, ಇಂಥ ತಾಲ್ಲೂಕು. ಅವನು ಬೆಂಗಳೂರಿನಲ್ಲಿ ಕೂತು ಆ ವಿಳಾಸ ಹಾಕಿದ. ಗುರುತು ಹೋಗಿ ನಮ್ಮ ಅಂಚೆ ಇರುವ ಊರಿನಲ್ಲಿ ಕೂತಿತು. ಅಲ್ಲಿಂದ ನಮ್ಮ ಗೇಟಿಗೆ 7 ಕಿಲೋಮೀಟರ್, ಕೊನೆಯ ಎರಡು ಮಣ್ಣಿನ ರಸ್ತೆ. ಬಂದವರೆಲ್ಲ ಪೋಸ್ಟ್ ಆಫೀಸಿನ ಎದುರು ಕಾರು ನಿಲ್ಲಿಸಿ ಹೋಂಸ್ಟೇ ಹುಡುಕುತ್ತಿದ್ದರು. ಎದುರಿನ ಅಂಗಡಿಯವರು ದಾರಿ ಹೇಳಿ ಕಳಿಸುತ್ತಿದ್ದರು. ಒಂದೂವರೆ ವರ್ಷ ಅವರೇ ನಮ್ಮ ರಿಸೆಪ್ಷನ್. ಹಬ್ಬಕ್ಕೆ ಅವರ ಮನೆಗೆ ಒಂದು ಕೆ.ಜಿ. ಕಾಫಿಪುಡಿ ಕಳಿಸಿ ನಾನು ಋಣ ತೀರಿಸುತ್ತಿದ್ದೆ. ನಗುವಿನ ವಿಷಯವಾಗಿಯೇ ಇತ್ತು.

2019ರಲ್ಲಿ ಆ ಅಂಗಡಿಯವರ ಭಾವಮೈದುನ ಅಲ್ಲೇ, ಅಂಗಡಿಯಿಂದ 200 ಮೀಟರ್ ದೂರದಲ್ಲಿ, ಹೋಂಸ್ಟೇ ತೆರೆದರು.

ನಮ್ಮನ್ನು ಹುಡುಕಿ ಬಂದು ಅಲ್ಲೇ ಉಳಿದವರನ್ನು ಬೈಯುವುದಿಲ್ಲ. ರಾತ್ರಿ ಎಂಟು ಗಂಟೆ, ಮಳೆ, ಮಕ್ಕಳು ಅಳುತ್ತಿವೆ, ನಮ್ಮ ಫೋನಿಗೆ ಸಿಗ್ನಲ್ ಇಲ್ಲ. ಕಣ್ಣೆದುರಿಗೇ ದೀಪ ಹಾಕಿದ ಬೋರ್ಡು. ನಾನಾಗಿದ್ದರೂ ಅಲ್ಲೇ ಉಳಿಯುತ್ತಿದ್ದೆ. ಆದರೆ ನಮ್ಮ ಗೂಗಲ್ ಪುಟದಲ್ಲಿ ಒಂದು ಸ್ಟಾರ್ ಕೊಟ್ಟು 'ಇಲ್ಲಿ ಹೋಂಸ್ಟೇನೇ ಇಲ್ಲ, ಮೋಸ' ಎಂದು ಒಬ್ಬರು ಬರೆದರು. ಅದಕ್ಕೆ ಉತ್ತರ ಕೊಡೋಣ ಎಂದರೆ ಖಾತೆ ನನ್ನದಲ್ಲ. ಗುರುತು ಸರಿ ಮಾಡಿಸೋಣ ಎಂದು ಆ ಹುಡುಗನಿಗೆ ಫೋನ್ ಮಾಡಿದರೆ ನಂಬರ್ ಚಾಲ್ತಿಯಲ್ಲಿಲ್ಲ. ಕಂಪನಿ ಮುಚ್ಚಿ ಬೇರೆ ದೇಶಕ್ಕೆ ಹೋದನಂತೆ. ಆ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು ತಿಂಗಳುಗಟ್ಟಲೆ ಬಂದ್ ಆಯಿತು, ಮರುವರ್ಷ ಕೊರೊನಾ. ಫೋನ್ ಬಡಿಯದಿದ್ದರೆ 'ಎಲ್ಲರದ್ದೂ ಇದೇ ಪಾಡು' ಎಂದು ಸುಮ್ಮನಾದೆವು.

2020ರ ಡಿಸೆಂಬರ್ ನಡುವಿನಲ್ಲಿ ದಾವಣಗೆರೆಯ ಹಳೇ ಅತಿಥಿಯೊಬ್ಬರು ಫೋನ್ ಮಾಡಿ, 'ಅಮ್ಮಾ, ನಿಮ್ಮ ವೆಬ್‌ಸೈಟಿನಲ್ಲಿ ಇಸ್ಪೀಟು ಜಾಹೀರಾತು ಬರ್ತಿದೆ' ಅಂದರು. ನನ್ನ ವೆಬ್‌ಸೈಟನ್ನು ನಾನೇ ತೆರೆದು ನೋಡಿ ಎರಡು ವರ್ಷವಾಗಿತ್ತು.

ಆದದ್ದು ಇಷ್ಟು. ಅವನು ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿದ್ದ. ಸೆಪ್ಟೆಂಬರಿನಲ್ಲಿ ಅವಧಿ ಮುಗಿಯಿತು. ನೆನಪಿನ ಪತ್ರಗಳೆಲ್ಲ ಅವನ ಕಂಪನಿಯ ಇಮೇಲಿಗೆ ಹೋದವು. ಆ ಕಂಪನಿಯ ಡೊಮೇನ್ ಅದಕ್ಕೂ ಮೊದಲೇ ಸತ್ತಿತ್ತು, ಹಾಗಾಗಿ ಆ ಇಮೇಲೇ ಇರಲಿಲ್ಲ. ಪತ್ರ ಓದುವವರೇ ಇಲ್ಲದ ಮನೆಗೆ ನಮ್ಮ ನೋಟಿಸು ಹೋಗುತ್ತಿತ್ತು. ಡಾಟ್ ಕಾಮ್ ಹೆಸರು ಅವಧಿ ಮುಗಿದ ದಿನವೇ ಕೈ ತಪ್ಪುವುದಿಲ್ಲ. ನೋಂದಾಯಿಸಿದ ಸಂಸ್ಥೆಯನ್ನು ನೋಡಿಕೊಂಡು 45 ದಿನದವರೆಗೆ ಮಾಮೂಲಿ ದುಡ್ಡಿಗೇ ನವೀಕರಿಸಬಹುದು. ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಕೊನೆಗೆ 5 ದಿನ ಯಾರೂ ಮುಟ್ಟುವಂತಿಲ್ಲ, ಅದು ಮುಗಿದರೆ ಯಾರು ಬೇಕಾದರೂ ಕೊಳ್ಳಬಹುದು. ಇಷ್ಟೆಲ್ಲ ಅವಕಾಶ ಇದ್ದರೂ ಅದು ಖಾತೆದಾರನಿಗೆ, ಸಾಗುವಳಿದಾರಳಿಗಲ್ಲ. ಮೊದಲೇ ಗೊತ್ತಾಗಿದ್ದರೂ ನಾನು ಅವನ ಕಾಲು ಹಿಡಿಯಬೇಕಿತ್ತು. ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನ ಹೆಸರು ಅದು. ಕೊಂಡುಕೊಂಡವರು ಡಾಲರಿನಲ್ಲಿ ಬೆಲೆ ಹೇಳಿದರು, ನಾನು ಕೈಬಿಟ್ಟೆ.

ಆ ವರ್ಷದ ಕ್ರಿಸ್‌ಮಸ್ ವಾರ ನೆನಪಿದೆಯಾ? ಲಾಕ್‌ಡೌನ್ ಮುಗಿದು ಬೆಂಗಳೂರಿಗೆ ಬೆಂಗಳೂರೇ ಗುಡ್ಡ ಹತ್ತಿತ್ತು. ಸುತ್ತಮುತ್ತ ಎಲ್ಲರದ್ದೂ ಫುಲ್, ಕೆಲವರು ಕಣದಲ್ಲಿ ಟೆಂಟ್ ಹಾಕಿಕೊಟ್ಟರು. ನಮ್ಮ ಮೂರು ರೂಮಿನ ಹಾಸಿಗೆ ಮಡಿಸಿದ್ದು ಮಡಿಸಿದ ಹಾಗೇ ಇತ್ತು. ಯಜಮಾನರು ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

2021ರಲ್ಲಿ ಅಣ್ಣನ ಮಗ ಬಂದು ಗೂಗಲ್ ಖಾತೆಯನ್ನಾದರೂ ಬಿಡಿಸಿಕೊಟ್ಟ. ಮ್ಯಾಪಿನಲ್ಲಿ ನಮ್ಮ ಪುಟ ತೆರೆದು, ಮಾಲೀಕತ್ವ ಬೇಕು ಎಂದು ಅರ್ಜಿ ಹಾಕಿದ. ಹಳೇ ಖಾತೆದಾರ ಉತ್ತರ ಕೊಡದಿದ್ದರೆ ಕೆಲವು ದಿನ ಕಾದು ನಮ್ಮದೇ ಎಂದು ಸಾಬೀತು ಮಾಡಲು ಅವಕಾಶ ಸಿಗುತ್ತದೆ. ಮತ್ತೆ ಅದೇ ಕಾರ್ಡು, ಅದೇ ಪೋಸ್ಟ್‌ಮ್ಯಾನ್. ಈ ಸಲ ಕೋಡನ್ನು ಕನ್ನಡಕ ಹಾಕಿಕೊಂಡು ನಾನೇ ಒತ್ತಿದೆ. ಈಗ ಹೆಚ್ಚಾಗಿ ವಿಡಿಯೊ ಕೇಳುತ್ತಾರೆ: ರಸ್ತೆ, ಬೋರ್ಡು, ಒಳಗಿನ ರೂಮು ಎಲ್ಲ ಒಂದೇ ಓಟದಲ್ಲಿ. ಆದ್ದರಿಂದ ಅರ್ಜಿಗೆ ಮುಂಚೆ ಗೇಟಿಗೆ ಬೋರ್ಡು ಹಾಕಿಸಿ.

ಈಗ ನಿಮ್ಮ ಪ್ರಶ್ನೆ. ವೆಬ್‌ಸೈಟಾ, ಆ್ಯಪಾ ಎಂದು ಕೇಳಿದ್ದೀರಿ. ನನ್ನನ್ನು ಕೇಳಿದರೆ ಅದು ಮೂರನೇ ಪ್ರಶ್ನೆ, ತಮ್ಮಾ. ಮೊದಲು ನಿಮ್ಮ ಹೆಸರಿನಲ್ಲಿ ಒಂದು ಜಿಮೇಲ್ ತೆಗೆಯಿರಿ, ಹೋಂಸ್ಟೇಗೆ ಅಂತಲೇ. ಅದಕ್ಕೆ ನೀವು ದಿನಾ ಬಳಸುವ ನಂಬರ್ ಕೊಡಿ. ತೋಟದ ಫೋನಿಗೆಂದು ಇಟ್ಟ ಹಳೇ ಸಿಮ್ ಬೇಡ. ರೀಚಾರ್ಜ್ ಮರೆತರೆ ನಂಬರ್ ಇನ್ನೊಬ್ಬರ ಪಾಲಾಗುತ್ತದೆ, ಪಾಸ್‌ವರ್ಡ್ ಮರೆತಾಗ ಕೋಡ್ ಅವರಿಗೆ ಹೋಗುತ್ತದೆ. ಡೊಮೇನನ್ನು ನಿಮ್ಮ ಕಾರ್ಡಿನಿಂದ ನೀವೇ ಕೊಳ್ಳಿ, ಹತ್ತು ನಿಮಿಷದ ಕೆಲಸ. ಡಿಸೈನರ್‌ಗೆ ಕೆಲಸ ಮಾಡುವಷ್ಟು ಅನುಮತಿ ಕೊಟ್ಟರೆ ಸಾಕು. 'ನಮ್ಮಲ್ಲಿ ಎಲ್ಲ ಪ್ಯಾಕೇಜಿನಲ್ಲೇ ಬರುತ್ತೆ' ಎಂದರೆ ಬೇರೆಯವರನ್ನು ಹುಡುಕಿ.

ಎರಡನೆಯದು ಮ್ಯಾಪು. ನಿಮ್ಮ ಗೇಟಿನ ಎದುರು ನಿಂತು, ಫೋನ್ ಹಿಡಿದು, ನೀವೇ ಗುರುತು ಹಾಕಿ. ಮ್ಯಾಪಿನಲ್ಲಿ ಪ್ಲಸ್ ಕೋಡ್ ಎಂದು ಒಂದು ಸಿಗುತ್ತದೆ. ಮನೆ ನಂಬರ್ ಇಲ್ಲದ ನಮ್ಮಂಥ ಜಾಗಗಳಿಗೆ ಅದೇ ಡೋರ್ ನಂಬರ್. ಆಮೇಲೆ ನಿಮ್ಮ ಊರು ನೋಡಿರದ ಯಾರನ್ನಾದರೂ ಫೋನ್ ಮಾಡದೆ ಬರಲು ಹೇಳಿ. ಅವರು ಬಂದು ಮುಟ್ಟಿದರೆ ಮಾತ್ರ ಸರಿ ಇದೆ ಎಂದರ್ಥ.

ಇನ್ನು 1 ಲಕ್ಷ 20 ಸಾವಿರ. ನಾಲ್ಕು ರೂಮಿಗೆ ಅದು ಜಾಸ್ತಿ ಅಲ್ವಾ? ಆ ದುಡ್ಡಿನಲ್ಲಿ ಗೀಸರ್ ಮತ್ತು ಇನ್ವರ್ಟರ್ ಹಾಕಿಸಿ. ನಮ್ಮ ರಿವ್ಯೂಗಳಲ್ಲಿ ವೆಬ್‌ಸೈಟ್ ಚೆನ್ನಾಗಿದೆ ಎಂದು ಒಬ್ಬರೂ ಬರೆದಿಲ್ಲ, ಬಿಸಿನೀರು ಬಂತು ಎಂದು ಬಹಳ ಜನ ಬರೆದಿದ್ದಾರೆ. ವೆಬ್‌ಸೈಟ್ ಒಂದೇ ಪುಟ ಸಾಕು. ಅಣ್ಣನ ಮಗ ಡಾಟ್ ಇನ್ ಹೆಸರು ಕೊಂಡು, ಗೂಗಲ್‌ನವರು ಆಗ ಪುಕ್ಕಟೆ ಕೊಡುತ್ತಿದ್ದ ಪುಟಕ್ಕೆ ಜೋಡಿಸಿದ್ದ. 2024ರ ಮಾರ್ಚಿನಲ್ಲಿ ಆ ಸೌಲಭ್ಯ ನಿಂತಿತು. ಹೆಸರು ನನ್ನದೇ ಆಗಿದ್ದರಿಂದ ಒಂದು ಸಂಜೆಯಲ್ಲಿ ಬೇರೆ ಕಡೆಗೆ ತಿರುಗಿಸಿದೆವು. ಅತಿಥಿಗಳಿಗೆ ಗೊತ್ತೂ ಆಗಲಿಲ್ಲ.

ಆ ಒಂದು ಪುಟದಲ್ಲಿ ಡ್ರೋನ್ ವಿಡಿಯೊ ಬೇಡ. ನಿಮ್ಮ ಡಿಸೈನರ್ ಅದನ್ನೇ ಮೊದಲು ತೋರಿಸುತ್ತಾನೆ, ಬೆಂಗಳೂರಿನ ವೈಫೈನಲ್ಲಿ ಚೆಂದವಾಗಿಯೂ ಕಾಣುತ್ತದೆ. ದಾರಿ ತಪ್ಪಿದವರು ಅದನ್ನು ತೆರೆಯುವುದು ಘಾಟಿಯಲ್ಲಿ, ಒಂದೇ ಕಡ್ಡಿ ಸಿಗ್ನಲ್‌ನಲ್ಲಿ. ಫೋಟೊಗಳನ್ನು ಚಿಕ್ಕದು ಮಾಡಿ ಹಾಕಿ, ಒಂದೊಂದು 200 ಕೆಬಿ ಒಳಗೆ. ಬಾತ್‌ರೂಮಿನ ಫೋಟೊ, ಕೊನೆಯ ಎರಡು ಕಿಲೋಮೀಟರ್ ರಸ್ತೆಯ ಫೋಟೊ ಕಡ್ಡಾಯ. ರೇಟು ಬರೆಯಿರಿ. 'ದರಕ್ಕಾಗಿ ಕರೆ ಮಾಡಿ' ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇಲ್ಲದ್ದನ್ನೂ ಬರೆಯಿರಿ. ನಮ್ಮ ಪುಟದಲ್ಲಿದೆ: ಟಿವಿ ಇಲ್ಲ, ಈಜುಕೊಳ ಇಲ್ಲ, ಡಿಜೆ ಇಲ್ಲ, ಮಳೆಗಾಲದಲ್ಲಿ ಇಂಬಳ ಇದೆ. ಅದನ್ನು ಓದಿಯೂ ಬಂದವರ ಜೊತೆ ಒಂದು ದಿನವೂ ಜಗಳವಾಗಿಲ್ಲ.

ಅರ್ಧ ಪುಟ ಕನ್ನಡದಲ್ಲೇ ಇರಲಿ. ಹೊರನಾಡಿನಿಂದ ಕಳಸ, ಕೊಟ್ಟಿಗೆಹಾರ, ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗುವ ಸಂಸಾರಗಳು ನಡುವೆ ಒಂದು ರಾತ್ರಿಯ ಜಾಗ ಹುಡುಕುತ್ತಾರೆ. ಎಲ್ಲಿಂದ ಎಲ್ಲಿಗೆ ಎಷ್ಟು ಹೊತ್ತು, ಬೆಳಿಗ್ಗೆ ಎಷ್ಟಕ್ಕೆ ಹೊರಟರೆ ದರ್ಶನ ಸಿಗುತ್ತದೆ, ಇಷ್ಟನ್ನು ನಾನು ಕನ್ನಡದಲ್ಲಿ ಬರೆದು ಹಾಕಿದ ಮೇಲೆ ತುಮಕೂರು, ಹುಬ್ಬಳ್ಳಿ ಕಡೆಯ ಫೋನುಗಳು ಬರತೊಡಗಿದವು. ಇನ್‌ಸ್ಟಾಗ್ರಾಮ್ ಜಾಹೀರಾತಿಗೆ 6 ಸಾವಿರ ಹಾಕಿದಾಗ ಬಂದದ್ದು ಬರೀ ಲೈಕು. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ 'ಘಾಟಿ ತೆರೆದಿದೆ' ಅಥವಾ 'ಮುಚ್ಚಿದೆ' ಎಂದು ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕುತ್ತೇನೆ. ನನ್ನ ಮಾರ್ಕೆಟಿಂಗ್ ಅಷ್ಟೇ. ನಿಮಗೆ ಶಿರಾಡಿ ಘಾಟಿ ಇದೆ, ನಮಗಿಲ್ಲದ ರೈಲೂ ಇದೆ. ಮಂಜರಾಬಾದ್ ಕೋಟೆ ನಕ್ಷತ್ರದ ಆಕಾರದ್ದು ಎಂದು ಎಲ್ಲರೂ ಬರೆಯುತ್ತಾರೆ, ಸ್ಟೇಷನ್ನಿನಿಂದ ನಿಮ್ಮ ಗೇಟಿಗೆ ಆಟೋ ಎಷ್ಟು ತೆಗೆದುಕೊಳ್ಳುತ್ತದೆ ಎಂದು ಯಾರೂ ಬರೆಯುವುದಿಲ್ಲ. ಅದನ್ನು ಬರೆಯಿರಿ.

ಬುಕಿಂಗ್ ಆ್ಯಪ್ ಬೇಡ ಎನ್ನುವುದಿಲ್ಲ. ಮೊದಲ ವರ್ಷ ಹೊಸ ಮುಖ ಕರೆತರುವುದು ಅದೇ. ನನ್ನ ಒಪ್ಪಂದದಲ್ಲಿ ನೂರಕ್ಕೆ 18 ಕಮಿಷನ್ ಹೋಗುತ್ತದೆ, ದಲ್ಲಾಳಿಗೆ ಕೊಟ್ಟ ಹಾಗೆ ಕೊಡುತ್ತೇನೆ. ಎರಡನೇ ಸಲ ಬರುವವರು ನನ್ನ ನಂಬರಿಗೇ ಫೋನ್ ಮಾಡುತ್ತಾರೆ. ಆದರೆ ಎರಡು ಆ್ಯಪ್‌ಗಿಂತ ಹೆಚ್ಚು ಬೇಡ. ನಾಲ್ಕು ಕ್ಯಾಲೆಂಡರ್ ಸಂಭಾಳಿಸಲು ಹೋಗಿ ಒಂದೇ ರೂಮನ್ನು ಇಬ್ಬರಿಗೆ ಕೊಟ್ಟು, ನಾನು ಯಜಮಾನರು ಹಾಲ್‌ನಲ್ಲಿ ಮಲಗಿದ್ದೇವೆ.

ಡಿಸೈನರ್‌ಗೆ ಆಗಲೇ 20 ಸಾವಿರ ಅಡ್ವಾನ್ಸ್ ಕೊಟ್ಟಿದ್ದೇನೆ ಎಂದಿದ್ದೀರಿ. ಇವತ್ತೇ ಫೋನ್ ಮಾಡಿ, ಡೊಮೇನ್ ಯಾವ ಇಮೇಲಿನಲ್ಲಿ ತೆಗೆದಿದ್ದೀರಿ, ಸ್ಕ್ರೀನ್‌ಶಾಟ್ ಕಳಿಸಿ ಎನ್ನಿ. ಅವರೇನು ಹೇಳಿದರು ಎಂದು ಇಲ್ಲೇ ಕೆಳಗೆ ಬರೆಯಿರಿ. ಉಳಿದ ಒಂದು ಲಕ್ಷದ ವಿಚಾರ ಆಮೇಲೆ ಮಾತಾಡೋಣ.