ಕರಾರು ಸಾಲದು, ಕ್ರಯಪತ್ರದಲ್ಲೇ ನಿಮ್ಮ ಹೆಸರಿರಲಿ

ಮದುವೆಯಾಗದೆ ನಾಲ್ಕು ವರ್ಷದಿಂದ ಬೆಂಗಳೂರಲ್ಲಿ ಜೊತೆಗಿದ್ದೇವೆ, ಫ್ಲ್ಯಾಟ್ ಅವರ ಹೆಸರಲ್ಲಿ, ಅರ್ಧ ದುಡ್ಡು ನನ್ನದು, ಛಾಪಾಕಾಗದದಲ್ಲಿ ಕರಾರು ಬರೆಸಿಕೊಂಡರೆ ಸಾಕಾ ಅಂತ ಕೇಳಿದ್ದೀರಿ. ಸಾಲದು ಮೇಡಂ. ನೋಟರಿ ಸೀಲು ಬಿದ್ದ ಮಾತ್ರಕ್ಕೆ ಮನೆ ನಿಮ್ಮದಾಗುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗುವ ಕ್ರಯಪತ್ರದಲ್ಲೇ ಇಬ್ಬರ ಹೆಸರೂ, ಯಾರ ಪಾಲು ಎಷ್ಟು ಅನ್ನುವುದೂ ಇರಬೇಕು. ಒಬ್ಬರ ದುಡ್ಡಲ್ಲಿ ಇನ್ನೊಬ್ಬರ ಹೆಸರಿಗೆ ಆಸ್ತಿ ಕೊಳ್ಳುವುದನ್ನು ತಡೆಯುವ ಬೇನಾಮಿ ಕಾಯ್ದೆಯಲ್ಲಿ ಗಂಡ-ಹೆಂಡತಿಗೆ ಇರುವ ವಿನಾಯಿತಿ ನಿಮಗೆ ಸಿಗುವುದಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನನ್ನ ಗೆಳತಿಯೊಬ್ಬಳು ಐದು ವರ್ಷ ಮನೆಸಾಲದ ಕಂತಿನ ಅರ್ಧ ದುಡ್ಡನ್ನು ಸಂಗಾತಿಗೆ ನಗದಾಗಿ ಕೈಯಲ್ಲೇ ಕೊಟ್ಟಳು. ಬೇರೆಯಾದಾಗ ಅವಳ ಹತ್ತಿರ ಉಳಿದದ್ದು ಹಾಲಿನ ಲೆಕ್ಕದ ಡೈರಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟ ಅಂಕಿಗಳು. ದಯವಿಟ್ಟು ಪ್ರತಿ ರೂಪಾಯಿಯೂ ಬ್ಯಾಂಕ್ ಮೂಲಕವೇ ಹೋಗಲಿ.

ಇಬ್ಬರೂ ಈಗಲೇ ವಿಲ್ ಬರೆಯಿರಿ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮದುವೆಯಾಗದ ಸಂಗಾತಿಗೆ ಪಾಲಿಲ್ಲ. ನಾಮಿನಿ ಮಾಡಿದ್ದಾರಲ್ವಾ ಅಂತ ಸುಮ್ನೆ ಕೂರಬೇಡಿ. ಸಾಮಾನ್ಯವಾಗಿ ನಾಮಿನಿ ಅಂದರೆ ಮಾಲೀಕರಲ್ಲ.

ಕರಾರೇ ಬೇಡ ಅಂತಲ್ಲ. ಸಾಮಾನು ಯಾರದ್ದು, ಮನೆಖರ್ಚು ಹೇಗೆ ಅನ್ನುವುದಕ್ಕೆ ಅದು ಆಗುತ್ತದೆ. ಇನ್ನು, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಮದುವೆಯಂಥ ಸಂಬಂಧದಲ್ಲಿರುವ ಹೆಣ್ಣಿಗೂ ರಕ್ಷಣೆ ಕೊಡುತ್ತದೆ. ಅದನ್ನು ಬಿಟ್ಟುಕೊಡುತ್ತೇನೆ ಅನ್ನುವ ಸಾಲಿಗೆ ಮಾತ್ರ ಸಹಿ ಹಾಕಬೇಡಿ.