ದಿನಕ್ಕೊಂದು ಹೊಸ ಕಸರತ್ತು ಮಾಡಿದರೆ ಮೈ ಎಲ್ಲ ರೀತಿಯಲ್ಲೂ ಗಟ್ಟಿಯಾಗುತ್ತದೆಯೇ?

ಜಿಮ್ ಬೇಸರವಾಯಿತು ಅಂತ ವಾರದ ಏಳು ದಿನಕ್ಕೆ ಏಳು ಚಟುವಟಿಕೆ ಹಾಕಿಕೊಂಡಿದ್ದೀರಿ: ಹಗ್ಗ ಹತ್ತುವುದು, ಮರಳು ಮೂಟೆ ಎತ್ತುವುದು, ಕಂಬಿಗೆ ಜೋತು ಬೀಳುವುದು, ಎರಡೂ ಕೈಯಲ್ಲಿ ಭಾರ ಹಿಡಿದು ನಡೆಯುವುದು, ಸ್ಕಿಪ್ಪಿಂಗ್, ಗುಡ್ಡ ಹತ್ತಿ ಓಡುವುದು, ಡಾನ್ಸ್. ಮುಂದಿನ ತಿಂಗಳು ಇವೆಲ್ಲ ಬಿಟ್ಟು ಮತ್ತೆ ಏಳು ಹೊಸದು. ಪಟ್ಟಿಗೆ ಇನ್ನೇನು ಸೇರಿಸಲಿ ಎಂದು ಕೇಳಿದ್ದೀರಿ. ನಾನೂ ಒಂದು ಕಾಲಕ್ಕೆ ಹೆಚ್ಚುಕಡಿಮೆ ಇದೇ ಪಟ್ಟಿ ಬರೆದುಕೊಂಡವನು. ಅದಕ್ಕೇ ನೇರವಾಗಿ ಹೇಳುತ್ತೇನೆ: ಸದ್ಯಕ್ಕೆ ಸೇರಿಸುವ ಮಾತು ಬಿಡಿ, ಮೊದಲು ತೆಗೆಯಬೇಕು.

ನನಗೆ ದುಬಾರಿಯಾದ ತಪ್ಪು ಒಂದೇ. ಕಸರತ್ತಿನ ಹೆಸರು ಬೇರೆಯಾದರೆ ಮೈಮೇಲೆ ಬೀಳುವ ಹೊರೆಯೂ ಬೇರೆ ಎಂದುಕೊಂಡಿದ್ದೆ. ಬಲ ಮೊಣಕೈಯ ಒಳಬದಿಯ ನೋವು ಹೋಗುವುದಕ್ಕೆ ತಿಂಗಳುಗಟ್ಟಲೆ ಹಿಡಿಯಿತು. ನಿಮ್ಮ ಪಟ್ಟಿಯ ಮೊದಲ ನಾಲ್ಕನ್ನು ಇನ್ನೊಮ್ಮೆ ನೋಡಿ. ಹಗ್ಗ, ಮೂಟೆ, ಕಂಬಿ, ಕೈಯಲ್ಲಿ ಭಾರ. ಕಾಲು, ಬೆನ್ನು, ಭುಜದ ಕೆಲಸ ಪ್ರತಿಯೊಂದರಲ್ಲೂ ಬೇರೆ ಬೇರೆ, ನಿಜ. ಆದರೆ ನಾಲ್ಕರಲ್ಲೂ ಬೆರಳುಗಳು ಗಟ್ಟಿಯಾಗಿ ಮುಚ್ಚಿಕೊಂಡಿರಬೇಕು. ಬೆರಳು ಮತ್ತು ಮಣಿಕಟ್ಟನ್ನು ಮಡಚುವ ಮುಂಗೈ ಸ್ನಾಯುಗಳಲ್ಲಿ ಹೆಚ್ಚಿನವು ಮೇಲೆ ಹೋಗಿ ಅಂಟಿಕೊಳ್ಳುವುದು ಮೊಣಕೈಯ ಒಳಬದಿಯಲ್ಲಿ ಕೈಗೆ ಸಿಗುವ ಆ ಪುಟ್ಟ ಮೂಳೆಗಂಟಿಗೆ. ಸೋಮವಾರ ಹಗ್ಗ, ಮಂಗಳವಾರ ಮೂಟೆ, ಬುಧವಾರ ಕಂಬಿ, ಗುರುವಾರ ಭಾರ ಅಂದರೆ ಆ ಗಂಟಿಗೆ ಸತತ ನಾಲ್ಕು ದಿನ ಒಂದೇ ಕೆಲಸ.

ಇದು ಯಾಕೆ ಅಷ್ಟು ಕೆಟ್ಟದ್ದು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬಹಳ ಜನ ಎಡವುವುದು ಇಲ್ಲೇ. ಸ್ನಾಯುವಿಗೆ ರಕ್ತ ಧಾರಾಳವಾಗಿ ಹರಿಯುತ್ತದೆ. ಕೆಲವೇ ವಾರಗಳಲ್ಲಿ ಬಲ ಬಂದದ್ದು ಗೊತ್ತಾಗುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್‌ಗೆ ರಕ್ತ ಸಿಗುವುದು ಕಡಿಮೆ, ಅದು ಗಟ್ಟಿಯಾಗಲು ತಿಂಗಳುಗಳು ಬೇಕು. ಭಾರಿ ಕೆಲಸವಾದ ಮೇಲೆ ಟೆಂಡನ್‌ನೊಳಗೆ ಕೊಲಾಜನ್ ನಾರು ಕಳಚುವುದೂ ಹೊಸದಾಗಿ ಕಟ್ಟುವುದೂ ಎರಡೂ ಜೋರಾಗುತ್ತವೆ. ಮೊದಲ 24ರಿಂದ 36 ಗಂಟೆ ಕಳಚುವ ಕೆಲಸದ್ದೇ ಮೇಲುಗೈ, ಕಟ್ಟುವುದು ಮುಂದೆ ಬರುವುದು ಅದಾದ ಮೇಲೆ. ಮರುದಿನವೇ ಮತ್ತೆ ಜಗ್ಗಿದರೆ ಕಟ್ಟುವ ಸರದಿ ಬರುವುದೇ ಇಲ್ಲ. ಇನ್ನೊಂದು ತೊಂದರೆಯೆಂದರೆ ಸ್ನಾಯು ಮಾರನೆಯ ದಿನವೇ ನೋವಿನ ಮೂಲಕ ಸಾಕು ಅನ್ನುತ್ತದೆ; ಟೆಂಡನ್ ಹಾಗೆ ಹೇಳುವುದಿಲ್ಲ. ಕಸರತ್ತು ಶುರುವಾದಾಗ ಸಣ್ಣಗೆ ಚುರುಕ್ ಅನ್ನುತ್ತದೆ, ಮೈ ಬಿಸಿಯಾದ ಮೇಲೆ ನೋವು ಮಾಯ, ಮರುದಿನ ಬೆಳಿಗ್ಗೆ ಮತ್ತೆ ಹಾಜರ್. ನಡುವೆ ನೋವು ಹೋಗಿತ್ತಲ್ಲ ಎಂಬ ಧೈರ್ಯದಲ್ಲಿ ಜನ ಮುಂದುವರಿಸುತ್ತಾರೆ. ಒದ್ದೆ ಬಟ್ಟೆ ಹಿಂಡುವಾಗ, ಬಿಗಿಯಾದ ಮುಚ್ಚಳ ತಿರುಗಿಸುವಾಗ ಮೊಣಕೈ ಒಳಬದಿ ನೋಯುತ್ತಿದ್ದರೆ, ಆ ಗಂಟನ್ನು ಹೆಬ್ಬೆರಳಿನಿಂದ ಒತ್ತಿದಾಗ ಹಾ ಅನ್ನಿಸಿದರೆ, ಅದು ಬರೀ ದಣಿವು ಅಂದುಕೊಳ್ಳಬೇಡಿ.

ಪಟ್ಟಿಯ ಕೊನೆಯ ಮೂರರದ್ದೂ ಇದೇ ಕಥೆ, ಜಾಗ ಮಾತ್ರ ಬೇರೆ. ಸ್ಕಿಪ್ಪಿಂಗ್, ಗುಡ್ಡದ ಓಟ, ಡಾನ್ಸ್ ಮೂರೂ ಮೀನಖಂಡ ಮತ್ತು ಹಿಮ್ಮಡಿಯ ಮೇಲಿನ ದಪ್ಪ ಟೆಂಡನ್‌ಗೆ ಬೀಳುತ್ತವೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹತ್ತು ಹೆಜ್ಜೆ ಮರಗಟ್ಟಿದ ಹಾಗಿದ್ದರೆ ಅದು ಅದರ ಸೂಚನೆ.

ಹಾಗಾಗಿ ಚಟುವಟಿಕೆಯ ಹೆಸರು ಬರೆಯುವ ಹಾಳೆಯಲ್ಲಿ ಪಕ್ಕಕ್ಕೆ ಐದು ಕಾಲಂ ಎಳೆಯಿರಿ: ಬೆರಳು-ಮೊಣಕೈ, ಮಣಿಕಟ್ಟು, ಭುಜ, ಮೊಣಕಾಲು, ಹಿಮ್ಮಡಿ. ಪ್ರತಿ ಕಸರತ್ತು ಯಾವುದನ್ನು ಜೋರಾಗಿ ಜಗ್ಗುತ್ತದೋ ಅಲ್ಲಿ ಗುರುತು ಹಾಕಿ. ಒಂದೇ ಕಾಲಂನ ಎರಡು ಗುರುತುಗಳ ನಡುವೆ 48 ಗಂಟೆ ಇರಲಿ. ವಿಚಿತ್ರ ಅನ್ನಿಸಬಹುದು, ಆದರೆ ಒಂದೇ ಜಾಗಕ್ಕೆ ಬೀಳುವ ಎರಡು ಕೆಲಸಗಳನ್ನು ಬೇರೆ ಬೇರೆ ದಿನಕ್ಕೆ ಹಂಚುವುದಕ್ಕಿಂತ ಪ್ರಮಾಣ ಅರ್ಧರ್ಧ ಮಾಡಿ ಒಂದೇ ದಿನ ಮುಗಿಸುವುದು ವಾಸಿ. ಆಮೇಲೆ ಎರಡು ದಿನ ಆ ಜಾಗ ಪೂರ್ತಿ ಬಿಡುವಾಗಿರುತ್ತದೆ.

ಇನ್ನು 'ಎಲ್ಲ ರೀತಿಯ' ಫಿಟ್‌ನೆಸ್ ವಿಚಾರ. ಫ್ರೆಂಚ್ ನೌಕಾದಳದ ಅಧಿಕಾರಿ ಜಾರ್ಜ್ ಎಬೇರ್ 20ನೆಯ ಶತಮಾನದ ಆರಂಭದಲ್ಲಿ ಮನುಷ್ಯನ ಚಲನೆಯನ್ನು ಹತ್ತು ಗುಂಪು ಮಾಡಿದ್ದರು: ನಡಿಗೆ, ಓಟ, ನೆಗೆತ, ಕೈಕಾಲೂರಿ ನಡೆಯುವುದು, ಹತ್ತುವುದು, ಸಮತೋಲ, ಎಸೆತ, ಎತ್ತುವುದು, ಆತ್ಮರಕ್ಷಣೆ, ಈಜು. ನೂರು ವರ್ಷ ಕಳೆದರೂ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ. ನಿಮ್ಮ ಏಳನ್ನು ಇದರೊಳಗೆ ಹಾಕಿ ನೋಡಿ. ಹಗ್ಗ ಮತ್ತು ಕಂಬಿ ಎರಡೂ ಹತ್ತುವ ಗುಂಪು. ಮೂಟೆ ಮತ್ತು ಕೈಭಾರ ಎತ್ತುವ ಗುಂಪು. ಸ್ಕಿಪ್ಪಿಂಗ್ ನೆಗೆತ, ಗುಡ್ಡ ಓಟ, ಡಾನ್ಸ್ ಸ್ವಲ್ಪ ಸಮತೋಲ. ಕೈಕಾಲೂರಿ ನಡೆಯುವುದಿಲ್ಲ, ಎಸೆತವಿಲ್ಲ, ಈಜಿಲ್ಲ. ಏಳು ಹೆಸರು ಇದ್ದೂ ಅರ್ಧ ಖಾಲಿ.

ನಾನಾದರೆ ಹೀಗೆ ಜೋಡಿಸುತ್ತೇನೆ. ಸೋಮವಾರ ಹಗ್ಗ, ಅದರ ಹಿಂದೆಯೇ ಮೂಟೆ ಎತ್ತುವುದು. ಮಂಗಳವಾರ ಮಾತಾಡುತ್ತಾ ಹೋಗಬಹುದಾದಷ್ಟು ಬಿರುಸಿನಲ್ಲಿ 40 ನಿಮಿಷ ನಡಿಗೆ, ಕೊನೆಗೆ ಸಮತೋಲ. ಬುಧವಾರ ರಜೆ. ಗುರುವಾರ ಕೈಕಾಲೂರಿ ನಡೆಯುವುದು, ಮೂಟೆ ಹೆಗಲಿಗೇರಿಸಿ ನಡೆಯುವುದು, ಎಸೆತ. ಶುಕ್ರವಾರ ಒಂದು ಗಂಟೆ ಡಾನ್ಸ್. ಶನಿವಾರ ರಜೆ. ಭಾನುವಾರ 50 ನಿಮಿಷ ಗುಡ್ಡ. ಡಾನ್ಸ್‌ಗೂ ಗುಡ್ಡಕ್ಕೂ ನಡುವೆ ಹಿಮ್ಮಡಿಗೆ ಒಂದು ಪೂರ್ತಿ ದಿನ ಬಿಡುವು ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಚಟುವಟಿಕೆ, ಕನಿಷ್ಠ ಎರಡು ದಿನ ಸ್ನಾಯು ಬಲದ ಕೆಲಸ ಎಂಬ ಲೆಕ್ಕವೂ ಇದರಲ್ಲಿ ಸರಿಹೊಂದುತ್ತದೆ. ಕೈಯಲ್ಲಿ ಭಾರ ಹಿಡಿಯುವುದನ್ನು ಬೇಕಂತಲೇ ತೆಗೆದಿದ್ದೇನೆ. ಮೂಟೆಯನ್ನು ಹೆಗಲಿಗೆ ಹಾಕಿಕೊಂಡರೆ ಅಥವಾ ಎದೆಗೆ ಅಪ್ಪಿಕೊಂಡರೆ ಕಾಲು, ಬೆನ್ನು, ದಮ್ಮಿಗೆ ಅದೇ ಕೆಲಸ ಸಿಗುತ್ತದೆ, ಬೆರಳಿಗೆ ಮಾತ್ರ ರಜೆ. ಒಂದು ಹೆಗಲಿನ ಮೇಲಿಟ್ಟು 30 ಮೀಟರ್, ಹೆಗಲು ಬದಲಿಸಿ 30 ಮೀಟರ್, ನಾಲ್ಕು ಸುತ್ತು, ನಡುವೆ 90 ಸೆಕೆಂಡ್ ಬಿಡುವು.

ಮೂಟೆಯನ್ನು ಸರಿಯಾಗಿ ಕಟ್ಟಿಕೊಳ್ಳಿ, ಇಲ್ಲದಿದ್ದರೆ ಮೊದಲ ವಾರವೇ ನೆಲದ ತುಂಬ ಮರಳು. ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿದ ಮರಳೇ ಬೇಕು. ತೇವ ಉಳಿದರೆ ಒಳಗೆ ಬೂಷ್ಟು ಹಿಡಿದು ವಾಸನೆ ಬರುತ್ತದೆ. ಒಣ ಮರಳು ಲೀಟರಿಗೆ ಸುಮಾರು 1.6 ಕೆ.ಜಿ. ತೂಗುತ್ತದೆ, ಅಂದರೆ 20 ಕೆ.ಜಿ.ಗೆ 12-13 ಲೀಟರ್. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಗಾಳಿ ಹೊರಗೆ ಒತ್ತಿ, ಮೇಲಿನ ಮೂರನೇ ಒಂದು ಭಾಗ ಖಾಲಿ ಬಿಟ್ಟು ಬಾಯಿ ತಿರುಚಿ, ಮಡಚಿ, ಅಗಲ ಟೇಪ್ ಸುತ್ತಿ. ಅದನ್ನು ಎರಡನೇ ಚೀಲದೊಳಗೆ ತಲೆಕೆಳಗಾಗಿ ಇಳಿಸಿ ಮತ್ತೆ ಟೇಪ್. ಎಲ್ಲಕ್ಕೂ ಹೊರಗೆ ಗಟ್ಟಿ ಹೊಲಿಗೆಯ ಕ್ಯಾನ್ವಾಸ್ ಚೀಲ. ಖಾಲಿ ಜಾಗ ಬಿಡುವುದಕ್ಕೆ ಎರಡು ಕಾರಣ: ಬಿಗಿಯಾಗಿ ತುಂಬಿದ ಚೀಲ ನೆಲಕ್ಕೆ ಬಿದ್ದಾಗ ಹೊಲಿಗೆಯಲ್ಲೇ ಒಡೆಯುತ್ತದೆ, ಮರಳು ಒಳಗೆ ಜಾರಾಡದಿದ್ದರೆ ಮೂಟೆ ಎತ್ತುವುದರಲ್ಲಿ ಇರುವ ವಿಶೇಷವೇ ಹೋಗುತ್ತದೆ.

ಎತ್ತುವಾಗ ಮೂಟೆ ಎರಡು ಪಾದಗಳ ನಡುವೆ ಇರಲಿ, ಮುಂದೆ ಅಲ್ಲ. ಕುಕ್ಕರುಗಾಲಲ್ಲಿ ಇಳಿದು ಎರಡೂ ಮುಂಗೈ ಅದರ ಅಡಿಗೆ ತೂರಿಸಿ ಮೊದಲು ತೊಡೆಯ ಮೇಲೆ ಎಳೆದುಕೊಳ್ಳಿ. ಅಲ್ಲಿ ಒಂದು ಉಸಿರು. ಆಮೇಲೆ ಎದೆಗೆ ಅಪ್ಪಿ, ಸೊಂಟ ಮುಂದಕ್ಕೆ ತಳ್ಳಿ ಎದ್ದು ನಿಲ್ಲಿ. ನೆಲದಿಂದ ಮೂಟೆ ತೆಗೆಯುವಾಗ ಬೆನ್ನು ಸ್ವಲ್ಪ ಬಾಗಿಯೇ ಬಾಗುತ್ತದೆ, ಪೂರ್ತಿ ತಪ್ಪಿಸಲು ಆಗುವುದಿಲ್ಲ. ಅದಕ್ಕಾಗಿಯೇ ಜಿಮ್‌ನಲ್ಲಿ ಬಾರ್ ಹಿಡಿದು ನೆಲದಿಂದ ಎತ್ತುತ್ತಿದ್ದ ಭಾರದ ಅರ್ಧವೂ ಮೊದಲ ದಿನ ಬೇಡ. ಐದೈದರ ಮೂರು ಸುತ್ತು ಸಾಕು.

ಹಗ್ಗ 38 ಮಿ.ಮೀ. ದಪ್ಪದ್ದಾದರೆ ಹಿಡಿಗೆ ಸರಿಹೋಗುತ್ತದೆ. ಮೊದಲ ಮೂರು ವಾರ ಹತ್ತಲೇ ಬೇಡಿ. ಹಗ್ಗದ ಕೆಳಗೆ ನೆಲದ ಮೇಲೆ ಅಂಗಾತ ಮಲಗಿ, ಹಿಮ್ಮಡಿ ಊರಿ, ಮೈ ಹಲಗೆಯಂತೆ ನೇರವಾಗಿಟ್ಟುಕೊಂಡು ಕೈ ಮೇಲೆ ಕೈ ಹಾಕುತ್ತಾ ನಿಂತುಕೊಳ್ಳುವವರೆಗೆ ಬನ್ನಿ, ಹಾಗೇ ನಿಧಾನ ವಾಪಸ್ ಇಳಿಯಿರಿ. ಹೀಗೆ ನಾಲ್ಕು ಸಲ. ಅದಾದ ಮೇಲೆ ಕಾಲಿನ ಕೊಕ್ಕೆ ಕಲಿಯಿರಿ: ಹಗ್ಗ ಬಲಗಾಲಿನ ಹೊರಬದಿಯಿಂದ ಇಳಿದು ಬಲಪಾದದ ಅಡಿಯಿಂದ ಒಳಕ್ಕೆ ಬರಬೇಕು, ಎಡಪಾದ ಅದನ್ನು ಎತ್ತಿ ಬಲಪಾದದ ಮೇಲೆ ತಂದು ಒತ್ತಬೇಕು. ಸರಿಯಾಗಿ ಬಿದ್ದರೆ ಕೈ ಸಡಿಲ ಮಾಡಿದರೂ ಮೈ ಕಾಲಿನ ಮೇಲೆ ನಿಲ್ಲುತ್ತದೆ. ಕೈಬಲವೊಂದರಲ್ಲೇ ಹತ್ತುವ ಹಟ ಮೊಣಕೈಗೆ ನೇರ ಪೆಟ್ಟು. ಇಳಿಯುವಾಗ ಜಾರಬಾರದು, ಅಂಗೈ ಸುಟ್ಟು ಚರ್ಮ ಕಿತ್ತು ಬರುತ್ತದೆ. ಹಿಡಿ ಅರ್ಧ ಉಳಿದಿರುವಾಗಲೇ ಇಳಿಯಲು ಶುರುಮಾಡಿ, ಇಳಿಯುವುದಕ್ಕೂ ಹಿಡಿ ಬೇಕಲ್ಲ.

ಕೈಕಾಲೂರಿ ನಡೆಯುವುದು ನೋಡಲು ಮಕ್ಕಳಾಟ. ಮೊಣಕಾಲು ನೆಲದಿಂದ ಐದು ಸೆಂಟಿಮೀಟರ್ ಮೇಲಿಟ್ಟು, ಬಲಗೈ ಜೊತೆ ಎಡಗಾಲು, ಎಡಗೈ ಜೊತೆ ಬಲಗಾಲು ಎತ್ತಿಡುತ್ತಾ 10 ಮೀಟರ್ ಹೋಗಿ ನೋಡಿ. ಸೊಂಟ ಆ ಕಡೆ ಈ ಕಡೆ ತೂಗಬಾರದು. ನಾಲ್ಕು ಸುತ್ತಿಗೆ ಹೊಟ್ಟೆ, ಹೆಗಲು ಎರಡೂ ಸೋಲುತ್ತವೆ. ಹಿಮ್ಮುಖ ಹೋದರೆ ತೊಡೆಯ ಮುಂಭಾಗ ಉರಿಯುತ್ತದೆ. ಮಣಿಕಟ್ಟು ನೋವಾದರೆ ಮೊದಲ ಎರಡು ವಾರ ಮುಷ್ಟಿಯ ಮೇಲೆ ನಡೆಯಿರಿ.

ಸ್ಕಿಪ್ಪಿಂಗ್ ಉಳಿಸಿಕೊಳ್ಳಲೇಬೇಕೆಂದಿದ್ದರೆ ಗುಡ್ಡದ ದಿನವೇ, ಓಡುವ ಮೊದಲು, 30 ಸೆಕೆಂಡ್ ಹಾರಿ 30 ಸೆಕೆಂಡ್ ನಿಂತು ಐದು ಸುತ್ತು. ನೆಲದಿಂದ ಎರಡು-ಮೂರು ಸೆಂಟಿಮೀಟರ್ ಎದ್ದರೆ ಸಾಕು. ಸಮತೋಲಕ್ಕೆ 10 ಸೆಂಟಿಮೀಟರ್ ಅಗಲದ ಮರದ ತೊಲೆಯನ್ನು ನೆಲದ ಮೇಲೇ ಹಾಕಿಕೊಂಡು ಹಿಂದಕ್ಕೆ ಮುಂದಕ್ಕೆ ನಡೆಯಿರಿ. ಎಸೆತದಲ್ಲಿ ಎಡಗೈಗೂ ಬಲಗೈಯಷ್ಟೇ ಸರದಿ ಕೊಡಿ, 15 ಮೀಟರ್ ದೂರದಿಂದ ಶುರುಮಾಡಿ.

ಓಟ ಹೆಚ್ಚಾದರೆ ಬಲ ಹೋಗುತ್ತದೆಯೇ ಎಂದೂ ಕೇಳಿದ್ದೀರಿ. ರಾಬರ್ಟ್ ಹಿಕ್ಸನ್ 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ವಾರಕ್ಕೆ ಐದು ದಿನ ಬಲದ ತರಬೇತಿಯನ್ನೂ ಆರು ದಿನ ದಮ್ಮಿನ ತರಬೇತಿಯನ್ನೂ ಹತ್ತು ವಾರ ಒಟ್ಟಿಗೆ ಮಾಡಿತು. ಅವರ ಕಾಲಿನ ಬಲ ಏಳನೇ ವಾರದ ಆಸುಪಾಸಿನವರೆಗೆ ಏರಿ, ಅಲ್ಲಿಗೇ ನಿಂತು, ಕೊನೆಕೊನೆಗೆ ಇಳಿಯಿತು. ಅಷ್ಟು ಪ್ರಮಾಣದಲ್ಲಿ ಎರಡನ್ನೂ ಹೇರಿದಾಗ ಆದದ್ದು ಅದು. ವಾರಕ್ಕೊಂದು ಗುಡ್ಡ, ಒಂದು ಡಾನ್ಸ್ ಮಾಡುವವರು ಚಿಂತಿಸಬೇಕಿಲ್ಲ.

ತಿಂಗಳಿಗೊಮ್ಮೆ ಎಲ್ಲ ಬದಲಿಸುವ ಯೋಚನೆಯನ್ನಂತೂ ನಾನು ಒಪ್ಪುವುದಿಲ್ಲ. ಹೊಸ ಕಸರತ್ತಿನ ಮೊದಲ ಮೂರು-ನಾಲ್ಕು ವಾರ ಕಾಣುವ ಏರಿಕೆಯಲ್ಲಿ ದೊಡ್ಡ ಪಾಲು ನರಮಂಡಲ ಆ ಕೆಲಸವನ್ನು ಕಲಿತದ್ದರ ಫಲ. ಸ್ನಾಯು ಬೆಳೆಯುವುದು, ಟೆಂಡನ್ ಗಟ್ಟಿಯಾಗುವುದು ಆಮೇಲಿನ ಮಾತು. ನಾಲ್ಕನೇ ವಾರಕ್ಕೆ ಬಿಟ್ಟುಬಿಟ್ಟರೆ ಪ್ರತಿ ತಿಂಗಳೂ ಹೊಸಬರ ಮೈಕೈ ನೋವೇ ಅನುಭವಿಸುತ್ತೀರಿ, ಫಲ ಬರುವ ಹೊತ್ತಿಗೆ ನೀವು ಅಲ್ಲಿರುವುದಿಲ್ಲ. 12 ವಾರ ಒಂದೇ ಸಾಲು ಹಿಡಿಯಿರಿ. ಬೇಸರ ಬಂದರೆ ಒಳಗಿನ ರೂಪ ಬದಲಿಸಿ: ಹೆಗಲ ಮೇಲಿದ್ದ ಮೂಟೆ ಎದೆಗೆ ಬರಲಿ, ಮುಂದಕ್ಕೆ ಹೋಗುತ್ತಿದ್ದ ಕೈಕಾಲು ನಡಿಗೆ ಅಡ್ಡಕ್ಕೆ ಹೋಗಲಿ, ಗುಡ್ಡದ ದಾರಿ ಬೇರೆಯಾಗಲಿ. 12 ವಾರದ ನಂತರ ಒಂದನ್ನು ತೆಗೆದು ಒಂದನ್ನು ಸೇರಿಸಿ. ಹಾಗೆ ಸೇರಿಸುವಾಗ ನನ್ನ ಮೊದಲ ಆಯ್ಕೆ ಈಜು, ಏಕೆಂದರೆ ಅದು ಬೆರಳನ್ನೂ ಹಿಮ್ಮಡಿಯನ್ನೂ ಎರಡನ್ನೂ ಬಿಡುವು ಕೊಟ್ಟು ದಮ್ಮು ಬೆಳೆಸುತ್ತದೆ. ಭುಜದ ಕಾಲಂನಲ್ಲಿ ಮಾತ್ರ ಗುರುತು ಬೀಳುತ್ತದೆ, ಹಾಗಾಗಿ ಎಸೆತದ ಮರುದಿನ ಬೇಡ.

ಮೊಣಕೈ ಈಗಾಗಲೇ ಸಣ್ಣಗೆ ನೋಯುತ್ತಿದೆ ಎಂದು ಕೊನೆಯ ಸಾಲಲ್ಲಿ ಬರೆದಿದ್ದೀರಿ. ಹಗ್ಗವನ್ನೂ ಕಂಬಿಯನ್ನೂ ಇವತ್ತೇ ನಿಲ್ಲಿಸಿ, ಆದರೆ ಕೈಯನ್ನು ಸುಮ್ಮನೆ ಕೂರಿಸಬೇಡಿ. ಪೂರ್ತಿ ವಿಶ್ರಾಂತಿಯಲ್ಲಿ ಟೆಂಡನ್ ಇನ್ನಷ್ಟು ಬಲ ಕಳೆದುಕೊಳ್ಳುತ್ತದೆ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಮೇಲ್ಮುಖವಾಗಿ ಅಂಚಿನಿಂದ ಆಚೆಗಿರಲಿ. ಹಗುರ ಡಂಬೆಲ್ ಹಿಡಿದು ಮಣಿಕಟ್ಟನ್ನು ನೇರ ಇಟ್ಟು ಅಲುಗದೆ 45 ಸೆಕೆಂಡ್, ಎರಡು ನಿಮಿಷ ಬಿಡುವು, ಹೀಗೆ ಐದು ಸಲ, ದಿನ ಬಿಟ್ಟು ದಿನ. ಮಾಡುವಾಗ ನೋವು ಹತ್ತಕ್ಕೆ ಮೂರರ ಒಳಗಿದ್ದು ಮರುದಿನ ಬೆಳಿಗ್ಗೆಗೆ ಮೊದಲಿನಂತಾದರೆ ಭಾರ ಸರಿಯಿದೆ. ಬೆಳಿಗ್ಗೆ ಹೆಚ್ಚಾಗಿದ್ದರೆ ಕಡಿಮೆ ಮಾಡಿ. ಕಿರುಬೆರಳು, ಉಂಗುರ ಬೆರಳು ಜುಮುಗುಟ್ಟುತ್ತಿದ್ದರೆ ಅಥವಾ ಮರಗಟ್ಟುತ್ತಿದ್ದರೆ ಅದೇ ಜಾಗದಲ್ಲಿ ಹಾದುಹೋಗುವ ನರದ ಸಮಸ್ಯೆ ಇರಬಹುದು. ಆಗ ಈ ಕಸರತ್ತನ್ನೂ ಬಿಟ್ಟು ಮೊದಲು ಮೂಳೆ ವೈದ್ಯರ ಹತ್ತಿರ ತೋರಿಸಿ.